ಎಣಿಸುತ್ತಾ ಓಡಿಸಿದ ಎರಡು ಮಳೆಗಾಲ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಮಂಗಳೂರಿಗೆ ಅಡಿಕೆ ಸಾಗಿಸುವ ಪಿಕಪ್ ನನ್ನದು. ಬದಿಯಡ್ಕ, ಕುಂಬಳೆ ದಾಟಿ ಹೆದ್ದಾರಿ ಹಿಡಿದರೆ ಹೆಚ್ಚು ಕಡಿಮೆ 70 ಕಿ.ಮೀ. ವಾರಕ್ಕೆ ನಾಲ್ಕು ಸಲ ಹೋಗಿ ಬರುತ್ತೇನೆ. ಕಳೆದ ಎರಡು ಮಳೆಗಾಲದಲ್ಲಿ ಗಾಡಿಗೆ ಒಂದು ಗೀರೂ ಬಿದ್ದಿಲ್ಲ. ಶುರುವಿನಲ್ಲಿ ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬರೂ ಇದನ್ನು ನಂಬಿರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅದರ ಹಿಂದಿನ ವರ್ಷ ಬೇರೆಯೇ ಇತ್ತು. ಮೇ ಕೊನೆಯ ವಾರದ ಪತ್ತನಾಜೆ ಕಳೆದು ಮೊದಲ ಜೋರು ಮಳೆ ಬಿದ್ದ ದಿನ. ಲೋಡ್ ಇಳಿಸಿ ಖಾಲಿ ಬರುತ್ತಿದ್ದೆ. ಸೀತಾಂಗೋಳಿ ಕಳೆದ ಮೇಲೆ ಒಂದು ಇಳಿಜಾರು ತಿರುವು. ಮುಂದೆ ಕೆಂಪುಕಲ್ಲಿನ ಲಾರಿ. ಅವನು ಬ್ರೇಕ್ ಹಾಕಿದ, ನಾನೂ ಒತ್ತಿದೆ. ಖಾಲಿ ಪಿಕಪ್ಪಿನ ಹಿಂಭಾಗ ಹೇಗೆ ಎಳೆದುಕೊಂಡು ಹೋಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಬಂಪರ್, ರೇಡಿಯೇಟರ್, ಒಂದು ಹೆಡ್‌ಲೈಟ್ ಹೋಯಿತು. ಬಿಲ್ಲು 38,000ದ ಹತ್ತಿರ. ವಿಮೆಯಿಂದ ಅರ್ಧ ಮಾತ್ರ ಬಂತು. ಗಾಡಿ 17 ದಿನ ಗ್ಯಾರೇಜಿನಲ್ಲಿ. ಆ 17 ದಿನದ ಬಾಡಿಗೆ ಬೇರೆ ಹೋಯಿತು, ಒಬ್ಬ ಖಾಯಂ ಗಿರಾಕಿಯೂ ಹೋದರು.

ನನ್ನನ್ನು ಕಾಡಿದ್ದು ಹಣ ಮಾತ್ರ ಅಲ್ಲ. ಅವತ್ತು ನಾನು ಜೋರಾಗಿ ಓಡಿಸಿರಲಿಲ್ಲ. 40 ಇರಬಹುದು. ಆಮೇಲೆ ಕೂತು ಲೆಕ್ಕ ಹಾಕಿದೆ. 40ರಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಲಾರಿಯಿಂದ ನಾನಿದ್ದದ್ದು ಹತ್ತೇ ಮೀಟರ್. ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಅಷ್ಟು ದೂರ ಹೋಗಿಯಾಗಿತ್ತು. ಟೈರು ಜಾರಿದ್ದು ಆಮೇಲಿನ ಮಾತು.

ಅಲ್ಲಿಂದ ಎಣಿಸಲು ಶುರು ಮಾಡಿದೆ. ಮುಂದಿನ ಗಾಡಿ ಒಂದು ಕರೆಂಟ್ ಕಂಬ ದಾಟಿದ ಕೂಡಲೇ ಸಾವಿರದ ಒಂದು, ಸಾವಿರದ ಎರಡು ಎಂದು ಬಾಯಲ್ಲೇ ಹೇಳುತ್ತೇನೆ, ಒಂದೊಂದಕ್ಕೆ ಒಂದು ಸೆಕೆಂಡ್. ಬಿಸಿಲಿಗೆ ಮೂರು ಮುಗಿಯುವ ಮೊದಲು ನಾನು ಆ ಕಂಬ ಮುಟ್ಟಬಾರದು. ಮಳೆಗೆ ಐದು. ಮಳೆಯೂ ಲೋಡೂ ಇದ್ದರೆ ಆರು. ಸ್ಪೀಡೋಮೀಟರ್ ನೋಡುವ ಕೆಲಸವೇ ಇಲ್ಲ. ವೇಗ ಜಾಸ್ತಿಯಾದರೆ ಜಾಗವೂ ತಾನಾಗಿ ಉದ್ದವಾಗುತ್ತದೆ.

"ಇಷ್ಟು ಜಾಗ ಬಿಟ್ಟರೆ ಎಲ್ಲರೂ ನುಗ್ಗುತ್ತಾರೆ. ನೀನು ಮಂಗಳೂರಿಗೆ ಮುಟ್ಟುವುದು ನಾಳೆಯೇ ಭಾವ" ಎಂದರು ನಮ್ಮ ಭಾವ. ಅವರೂ 20 ವರ್ಷ ಸ್ಟೇರಿಂಗ್ ಹಿಡಿದವರು. ಅವರ ಮಾತು ಅರ್ಧ ಸರಿ. ನುಗ್ಗುತ್ತಾರೆ, ಅದರಲ್ಲೂ ಬಸ್ಸಿನವರು. ಹಾಗಾಗಿ ಒಂದು ತಿಂಗಳು ಪ್ರತಿ ಟ್ರಿಪ್ಪಿನಲ್ಲೂ ಎಷ್ಟು ಜನ ನುಗ್ಗಿದರು ಎಂದು ಡೈರಿಯಲ್ಲಿ ಗೀಟು ಹಾಕಿದೆ. ಸರಾಸರಿ 25 ಬಂತು. ಒಬ್ಬ ನುಗ್ಗಿದರೆ ನಾನು ಮತ್ತೆ ಐದು ಸೆಕೆಂಡ್ ಹಿಂದೆ ಸರಿಯಬೇಕು, ಅಷ್ಟೇ. 25 ಸಲ ಐದು ಅಂದರೆ 125 ಸೆಕೆಂಡ್. ಎರಡು ನಿಮಿಷ ಚಿಲ್ಲರೆ! ಎಲ್ಲ ಸೇರಿ ಇಡೀ ಪ್ರಯಾಣಕ್ಕೆ ಎಂಟು ಹತ್ತು ನಿಮಿಷ ಜಾಸ್ತಿ ಹಿಡಿಯಿತು, ಅದೂ ಮಳೆಯ ದಿನ ಮಾತ್ರ. ಡೈರಿ ತೋರಿಸಿದ ಮೇಲೆ ಭಾವ ಏನೂ ಹೇಳಲಿಲ್ಲ.

ಅಂತರ ಒಂದೇ ಸಾಲಲಿಲ್ಲ. ಖಾಲಿ ಗಾಡಿಯ ಹಿಂಬದಿ ಮಳೆಯಲ್ಲಿ ಇನ್ನೂ ಅಲ್ಲಾಡುತ್ತಿತ್ತು. ಹಿಂದಿನ ಎರಡೂ ರೀಸೋಲ್ ಟೈರು, ಅಂದರೆ ಸವೆದದ್ದಕ್ಕೆ ಮೇಲಿಂದ ಹೊಸ ರಬ್ಬರ್ ಹಾಕಿದ್ದು. ಅವನ್ನು ತೆಗೆದು ಹೊಸ ಜೋಡಿ ಹಿಂದಕ್ಕೇ ಹಾಕಿಸಿದೆ, 13,000ದ ಹತ್ತಿರ ಆಯಿತು. ಹೊಸದು ಮುಂದಕ್ಕೆ ಹಾಕಬೇಕು ಎಂದು ಗ್ಯಾರೇಜಿನಲ್ಲಿ ವಾದವೇ ಆಯಿತು. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿ ತಿರುಗಿಬಿಡುತ್ತದೆ. ನಾನು ಅದನ್ನು ನೋಡಿ ಬಂದವನು. ಟೈರಿನ ಗೀರುಗಳ ನಡುವೆ ಸಣ್ಣ ದಿಬ್ಬ ಇರುತ್ತದಲ್ವಾ, ಅದು 1.6 ಮಿ.ಮೀ. ಗುರುತು. ನಾನು ಅಲ್ಲಿವರೆಗೆ ಕಾಯುವುದಿಲ್ಲ. ಅದರ ಎರಡರಷ್ಟು ಇರುವಾಗಲೇ ಮಳೆಗಾಲಕ್ಕೆ ಬದಲಿಸುತ್ತೇನೆ. ನೀರು ಹೊರಗೆ ಹೋಗಲು ಆ ಗೀರು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಆಮೇಲೆ ಮರಳಿನ ಚೀಲ. ಮೊದಲು ಆರು ಚೀಲ ಹಿಂದಿನ ಡೋರಿನ ಹತ್ತಿರ ಇಟ್ಟೆ. ದೊಡ್ಡ ತಪ್ಪು. ಗಾಡಿಯ ಮೂತಿ ಎತ್ತಿದ ಹಾಗಾಗಿ ಸ್ಟೇರಿಂಗ್ ಹಗುರವಾಯಿತು. ಪೆರ್ಲದ ಕಡೆಗೆ ಒಂದು ತಿರುವಿನಲ್ಲಿ ಹೊಟ್ಟೆ ತೊಳಸಿತು. ನಂತರ ಹಿಂದಿನ ಆ್ಯಕ್ಸೆಲಿನ ಮೇಲೆ, ಸ್ವಲ್ಪ ಮುಂದಕ್ಕೆ ಸರಿಸಿ ಹಗ್ಗ ಬಿಗಿದೆ. ಆಗ ಸರಿಯಾಯಿತು. ಮೈಲೇಜ್ ಅರ್ಧ ಕಿ.ಮೀ. ಕಡಿಮೆ ಆಯಿತು. ಮರಳು ನೆನೆದು ಭಾರ ಏರುಪೇರಾಗುತ್ತಿತ್ತು. ಈಗ ಮರಳಿನ ಬದಲು ಬೇರೆ ತುಂಬುತ್ತೇನೆ. ಅದು ಏನು ಎಂಬುದು ಸದ್ಯ ನನ್ನ ಹತ್ತಿರವೇ ಇರಲಿ.

ಗಾಜಿನ ಮೇಲೂ ತುಂಬಾ ಪ್ರಯೋಗ ಮಾಡಿದೆ. ಬೀಡಿಯ ಹೊಗೆಸೊಪ್ಪು ಉಜ್ಜಿದರೆ ಅರ್ಧ ಗಂಟೆ ಚೆನ್ನಾಗಿ ಕಾಣುತ್ತದೆ, ಆಮೇಲೆ ರಾತ್ರಿ ಎದುರು ಲೈಟಿಗೆ ಬಣ್ಣಬಣ್ಣ ಹರಡುತ್ತದೆ. ಬಟಾಟೆಯೂ ಹಾಗೆಯೇ. ಶಾಂಪೂ ಹಾಕಿ ನೊರೆ ಬಂತು. ಕೊನೆಗೆ ಮೂರು ವಸ್ತು ಸೇರಿಸಿ ಒಂದು ಮಿಶ್ರಣ ಮಾಡಿಕೊಂಡೆ. ಕೇಳಿದವರಿಗೆಲ್ಲ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಆದರೆ ವೈಪರ್ ಬ್ಲೇಡ್ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲೇ ಬದಲಿಸಿ. ಬಿಸಿಲಿಗೆ ರಬ್ಬರ್ ಸುಟ್ಟಿರುತ್ತದೆ. 500 ರೂಪಾಯಿ ಒಳಗೆ ಮುಗಿಯುವ ಕೆಲಸ.

ಹೆಡ್‌ಲೈಟಿಗೆ ಹಳದಿ ಫಿಲ್ಮ್ ಅಂಟಿಸಿ ಸಂಪಾಜೆ ಘಾಟಿಯ ಮಂಜಿನಲ್ಲಿ ನೋಡಿದೆ. ಮಡಿಕೇರಿಗೆ ಒಂದು ಬಾಡಿಗೆ ಇತ್ತು. ಬೆಳಕು ಕಡಿಮೆಯಾಯಿತು, ಲಾಭ ಏನೂ ಕಾಣಲಿಲ್ಲ. ಕಿತ್ತು ಹಾಕಿದೆ. ಮಂಜಿಗೆ ಡಿಮ್ ಸಾಕು, ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಹೋಗಬೇಕು. ಅದೇ ಘಾಟಿ ಇಳಿಯುವಾಗ ಹತ್ತಿದ ಗಿಯರಿನಲ್ಲೇ ಇಳಿದೆ. ಬ್ರೇಕ್ ಸುಟ್ಟ ವಾಸನೆ ಒಮ್ಮೆಯೂ ಬರಲಿಲ್ಲ.

ಒಂದು ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮಳೆ ಜೋರಾದ ಕೂಡಲೇ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು. ಅವನು ಬಲಕ್ಕೆ ತಿರುಗುತ್ತಾನೋ, ನಿಂತಿದ್ದಾನೋ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು? ಓಡುವಾಗ ಹೆಡ್‌ಲೈಟ್ ಹಾಕಿ. ಆ ನಾಲ್ಕು ಲೈಟು ಗಾಡಿ ನಿಂತಾಗ ಮಾತ್ರ.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥ ಕೆಲಸ ನಡೆಯುವಾಗ ಸರ್ವಿಸ್ ರಸ್ತೆಯಲ್ಲಿ ನೀರು ನಿಂತದ್ದನ್ನು ನೀವೂ ದಾಟಿರುತ್ತೀರಿ. ಚರಂಡಿ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಚಕ್ರದ ನಡುವಿನವರೆಗೆ ನೀರಿದ್ದರೆ ನಾನು ಹಿಂದಕ್ಕೆ. ಒಮ್ಮೆ ಹಾಗೆ ಉಪ್ಪಳದಿಂದ ತಿರುಗಿ ಬಂದು 600 ರೂಪಾಯಿ ಡೀಸೆಲ್ ಸುಟ್ಟೆ, ಬೇಸರವಿಲ್ಲ. ಕಡಿಮೆ ನೀರಾದರೆ ಮೊದಲ ಗಿಯರಿನಲ್ಲಿ ಒಂದೇ ಸಮ ದಾಟಿ, ಹಿಂದೆ ಯಾರೂ ಇಲ್ಲ ಎಂದು ನೋಡಿ, ಬ್ರೇಕನ್ನು ಮೂರ್ನಾಲ್ಕು ಸಲ ಮೆಲ್ಲನೆ ಒತ್ತಿ ಒಣಗಿಸುತ್ತೇನೆ. ಡ್ರಮ್ಮಿನಲ್ಲಿ ನೀರಿಟ್ಟುಕೊಂಡು ಮುಂದಿನ ಇಳಿಜಾರಿಗೆ ಹೋಗಬೇಡಿ.

ಮೊದಲು 20,000 ಕಿ.ಮೀ.ಗೆ ಬ್ರೇಕ್ ಲೈನರ್ ಮುಗಿಯುತ್ತಿತ್ತು. ಮೊನ್ನೆ 34,000ಕ್ಕೆ ಬಿಚ್ಚಿಸಿದೆ. ಗ್ಯಾರೇಜಿನವರು ಕೈಯಲ್ಲಿ ಹಿಡಿದು ನೋಡಿ, ಇನ್ನೊಂದು ಮಳೆಗಾಲ ಓಡಿಸಬಹುದು ಎಂದು ಅದನ್ನೇ ಮತ್ತೆ ಹಾಕಿ ಕೊಟ್ಟರು.