ಘರ್ಷಣೆಯ ಲೆಕ್ಕ: ಮೊದಲು ನೋಡಬೇಕಾದ್ದು ವಸ್ತು ಜಾರುತ್ತದೋ ಇಲ್ಲವೋ

ಘರ್ಷಣೆ ಎಂಬ ಪದ ಕಂಡ ಕೂಡಲೇ ‘ಘರ್ಷಣಾಂಕ ಗುಣಿಸು ಲಂಬ ಬಲ’ (ಲಂಬ ಬಲ ಎಂದರೆ ಮೇಲ್ಮೈ ತನಗೆ ಲಂಬವಾಗಿ ವಸ್ತುವನ್ನು ಒತ್ತುವ ಬಲ) ಎಂದು ಬರೆದುಬಿಡುವುದು ಪಿಯುಸಿ ವಿದ್ಯಾರ್ಥಿಗಳಲ್ಲಿ ತೀರಾ ಸಾಮಾನ್ಯ. ಅಂಕ ಹೋಗುವುದೂ ಅಲ್ಲೇ. ವಸ್ತು ನಿಂತಿರುವಷ್ಟು ಹೊತ್ತು ಘರ್ಷಣೆಗೆ ಇಂತಿಷ್ಟೇ ಎಂಬ ಬೆಲೆಯಿಲ್ಲ. ಜಾರದಂತೆ ತಡೆಯಲು ಎಷ್ಟು ಬೇಕೋ ಅಷ್ಟೇ ಇರುತ್ತದೆ. ಆ ಸೂತ್ರ ಆಗ ಹೇಳುವುದು ಗರಿಷ್ಠ ಮಿತಿಯನ್ನು ಮಾತ್ರ.

ಈ ಲೆಕ್ಕ ನೋಡಿ: 30 ಡಿಗ್ರಿ ಇಳಿಜಾರಿನ ಮೇಲೆ 5 ಕೆ.ಜಿ. ಪೆಟ್ಟಿಗೆ ನಿಂತಿದೆ. ಸ್ಥಿರ ಘರ್ಷಣಾಂಕ (ನಿಂತಿರುವಾಗಿನದು) 0.6, ಚಲನ ಘರ್ಷಣಾಂಕ (ಜಾರುತ್ತಿರುವಾಗಿನದು) 0.5. ಇಳಿಜಾರಿಗೆ ಸಮಾಂತರವಾಗಿ 40 ನ್ಯೂಟನ್ ಬಲದಿಂದ ಮೇಲಕ್ಕೆ ಎಳೆದರೆ ಘರ್ಷಣೆ ಎಷ್ಟು, ಯಾವ ಕಡೆಗೆ?

ಮೊದಲು ಚಿತ್ರ. ಪೆಟ್ಟಿಗೆಯನ್ನಷ್ಟೇ ಬರೆದು ತೂಕ, ಲಂಬ ಬಲ, ಎಳೆತ ಇವುಗಳಿಗೆ ಬಾಣ ಹಾಕಿ. ಘರ್ಷಣೆಯ ಬಾಣ ಈಗಲೇ ಬೇಡ, ಅದರ ದಿಕ್ಕು ಇನ್ನೂ ಗೊತ್ತಿಲ್ಲ. ಅಕ್ಷಗಳನ್ನು ಇಳಿಜಾರಿನ ಉದ್ದಕ್ಕೂ ಅದಕ್ಕೆ ಲಂಬವಾಗಿಯೂ ಇಟ್ಟುಕೊಂಡರೆ ಬಿಡಿಸಬೇಕಾದ್ದು ತೂಕವೊಂದೇ.

ತೂಕ 5 × 9.8 = 49 ನ್ಯೂಟನ್. ಇಳಿಜಾರಿನಗುಂಟ ಕೆಳಕ್ಕೆ 49 × ಸೈನ್ 30 = 24.5. ಲಂಬ ಬಲ 49 × ಕೊಸೈನ್ 30 = 42.4. ಸೈನ್, ಕೊಸೈನ್ ಅದಲುಬದಲಾಯಿತೇ ಎಂಬ ಅನುಮಾನ ಬಂದರೆ ಕೋನವನ್ನು ಸೊನ್ನೆ ಮಾಡಿ ನೋಡಿ: ಸಮತಟ್ಟು ನೆಲದಲ್ಲಿ ಕೆಳಕ್ಕೆ ಜಾರಿಸುವ ಬಲ ಸೊನ್ನೆಯಾಗಲೇಬೇಕು.

ಸ್ಥಿರ ಘರ್ಷಣೆಯ ಮಿತಿ 0.6 × 42.4 = 25.5 ನ್ಯೂಟನ್. ಇನ್ನು ಘರ್ಷಣೆಯೇ ಇಲ್ಲವೆಂದುಕೊಂಡು ಉಳಿದ ಬಲಗಳನ್ನು ಕೂಡಿಸಿ: 40 − 24.5 = 15.5, ಮೇಲಕ್ಕೆ. ಇದು ಮಿತಿಯೊಳಗೇ ಇದೆ, ಹಾಗಾಗಿ ಪೆಟ್ಟಿಗೆ ಅಲುಗದು. ಘರ್ಷಣೆ 15.5 ನ್ಯೂಟನ್, ಕೆಳಮುಖ, 25.5 ಅಲ್ಲ. ಎಳೆತ 10 ನ್ಯೂಟನ್‌ಗೆ ಇಳಿದರೆ ಅದೇ ಘರ್ಷಣೆ 14.5 ಆಗಿ ಮೇಲ್ಮುಖವಾಗುತ್ತದೆ. ಎಳೆತ ಸರಿಯಾಗಿ 24.5 ಇದ್ದರೆ ಘರ್ಷಣೆ ಸೊನ್ನೆ!

ಎಳೆತ 60 ಆದರೆ? 60 − 24.5 = 35.5, ಮಿತಿ ಮೀರಿತು, ಪೆಟ್ಟಿಗೆ ಮೇಲಕ್ಕೆ ಜಾರುತ್ತದೆ. ಇಲ್ಲಿಂದ ಬಳಸಬೇಕಾದ್ದು ಚಲನ ಘರ್ಷಣಾಂಕ: 0.5 × 42.4 = 21.2, ಕೆಳಮುಖ. ನಿವ್ವಳ ಬಲ 14.3 ನ್ಯೂಟನ್, ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 2.9 ಮೀಟರ್.

ಮೇಲೇರುತ್ತಿರುವಾಗ ಹಗ್ಗ ತುಂಡಾಯಿತು ಎಂದು ಪ್ರಶ್ನೆ ಮುಂದುವರಿಯಬಹುದು. ಪೆಟ್ಟಿಗೆ ಇನ್ನೂ ಮೇಲಕ್ಕೇ ಚಲಿಸುತ್ತಿರುವುದರಿಂದ ಘರ್ಷಣೆ ಕೆಳಮುಖವಾಗಿಯೇ ಉಳಿಯುತ್ತದೆ. 24.5 ಮತ್ತು 21.2 ಸೇರಿ ವೇಗ ತಗ್ಗಿಸುತ್ತವೆ, ಸೆಕೆಂಡಿನ ವರ್ಗಕ್ಕೆ 9.1 ಮೀಟರಿನಂತೆ. ನಿಂತ ಮೇಲೆ ಮತ್ತೆ ಅದೇ ಪರೀಕ್ಷೆ: 24.5 ಎಂಬುದು 25.5ಕ್ಕಿಂತ ಕಡಿಮೆ, ಆದ್ದರಿಂದ ಅಲ್ಲೇ ನಿಲ್ಲುತ್ತದೆ, ಹಿಂದಕ್ಕೆ ಜಾರದು. ಬಹಳ ಮಂದಿ ಈ ಹಂತವನ್ನೇ ಬಿಟ್ಟು ಪೆಟ್ಟಿಗೆಯನ್ನು ಕೆಳಗಿಳಿಸಿಬಿಡುತ್ತಾರೆ.

ಹಗ್ಗ ಇಳಿಜಾರಿಗೆ ಸಮಾಂತರವಾಗಿರದೆ 20 ಡಿಗ್ರಿ ಮೇಲೆದ್ದಿದ್ದರೆ ಲಂಬ ಬಲವೇ ಬದಲಾಗುತ್ತದೆ. 60 ನ್ಯೂಟನ್ ಎಳೆತದಲ್ಲಿ 60 × ಸೈನ್ 20, ಅಂದರೆ 20.5 ನ್ಯೂಟನ್, ಪೆಟ್ಟಿಗೆಯನ್ನು ಮೇಲಕ್ಕೆತ್ತುತ್ತದೆ. ಲಂಬ ಬಲ 21.9ಕ್ಕೂ ಚಲನ ಘರ್ಷಣೆ 11ಕ್ಕೂ ಇಳಿಯುತ್ತವೆ. ಇಳಿಜಾರಿನಗುಂಟ ಸಿಗುವ ಎಳೆತ 56.4 ಮಾತ್ರ, ಆದರೂ ವೇಗೋತ್ಕರ್ಷ 2.9ರಿಂದ 4.2ಕ್ಕೆ ಏರುತ್ತದೆ.