ಮ್ಯಾನೇಜ್‌ಮೆಂಟ್ ಎದುರು ಕೂರುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳು ರಜೆಗೆ ಊರಿಗೆ ಬಂದಿದ್ದಳು. ಏರ್‌ಲೈನ್‌ನಲ್ಲಿ ಕ್ಯಾಬಿನ್ ಕ್ರೂ ಆಗಿ ಎಂಟು ತಿಂಗಳಾಗಿದೆ. ಸಂಜೆ ನಮ್ಮ ಮನೆಗೆ ಬಂದು ಕೂತಳು, ಚಹಾ ಮುಟ್ಟಲಿಲ್ಲ. ರಾತ್ರಿ ಹನ್ನೊಂದಕ್ಕೆ ರೋಸ್ಟರ್, ಅಂದ್ರೆ ಯಾವತ್ತು ಯಾವ ಫ್ಲೈಟ್ ಅನ್ನುವ ಡ್ಯೂಟಿ ಪಟ್ಟಿ, ಬದಲಾಗುತ್ತದಂತೆ, ಬೆಳಗಿನ ಜಾವ ನಾಲ್ಕಕ್ಕೆ ಪಿಕಪ್ ಅಂತ ಮೆಸೇಜ್ ಬರುತ್ತದಂತೆ. "ಎಷ್ಟ್ ಸಲ ಹೇಳೀನ್ರಿ ಆಂಟಿ, ಯಾರೂ ಕಿವಿ ಮ್ಯಾಲ ಹಾಕ್ಕೊಳ್ಳವಲ್ರು" ಅಂದಳು. ಎಷ್ಟು ಸಲ ಬದಲಾಗಿದೆ ಅಂತ ಕೇಳಿದೆ. "ಭಾಳ ಸಲ" ಅಂದಳು. ಭಾಳ ಅಂದ್ರೆ ಎಷ್ಟು? ಅವಳ ಹತ್ತಿರ ಉತ್ತರ ಇರಲಿಲ್ಲ.

ನಾನು ಕಲಬುರಗಿಯವಳು. 22 ವರ್ಷ ಹಾರಿದ್ದೇನೆ. ಅದರಲ್ಲಿ 9 ವರ್ಷ ಯೂನಿಯನ್ ಕಮಿಟಿಯಲ್ಲಿದ್ದೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮೂರಿಗೆ ವಿಮಾನವೇ ಇರಲಿಲ್ಲ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದವಳು. ಸೇಡಂ ರಸ್ತೆಯ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್ 22ಕ್ಕೆ. ಬೀದರ್‌ಗೆ ವಿಮಾನ ಬಂದಿದ್ದು 2020ರ ಫೆಬ್ರುವರಿಯಲ್ಲಿ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ಹೋಗುತ್ತಿದ್ದಾರೆ. ಇಂಗ್ಲಿಷ್ ಹೇಗೆ ಮಾತಾಡಬೇಕು, ಕೂದಲು ಹೇಗೆ ಕಟ್ಟಬೇಕು ಅಂತ ಟ್ರೇನಿಂಗ್‌ನಲ್ಲಿ ಹೇಳಿಕೊಡುತ್ತಾರೆ. ಕೆಲಸದಲ್ಲಿ ತೊಂದರೆಯಾದರೆ ಕಂಪನಿ ಜೊತೆ ಕೂತು ಹೇಗೆ ಬಗೆಹರಿಸಿಕೊಳ್ಳಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಬರೆದಿಡುವುದು. ಇದನ್ನು ನನಗೆ ಕಲಿಸಿದ್ದು ಯೂನಿಯನ್ ಅಲ್ಲ, ನಮ್ಮಪ್ಪ. ಅಪ್ಪ ಶಹಾಬಾದ್ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿದ್ದರು, ಅಲ್ಲಿನ ಸಂಘದ ಕೆಲಸವನ್ನೂ ನೋಡುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಡೈರಿ ಇರುತ್ತಿತ್ತು. ನಾನು ಕೆಲಸಕ್ಕೆ ಹೊರಟಾಗ ಸ್ಟೇಷನ್‌ನಲ್ಲಿ ಅಂಥದ್ದೇ ಒಂದು ಡೈರಿ ಕೈಗಿಟ್ಟು, "ಬಾಯಿಲೆ ಹೇಳಿದ್ದು ಗಾಳಿಗೆ ಹೋಗ್ತದವ್ವಾ, ತಾರೀಖು ಹಾಕಿ ಬರಿ" ಅಂದಿದ್ದರು. ಆ ಡೈರಿಯ ಬೆಲೆ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ರಾತ್ರಿ ಕ್ಯಾಬ್ ವಿಷಯದಲ್ಲಿ.

ಆಗ ನಮ್ಮದು ಕೊನೆಯ ಲ್ಯಾಂಡಿಂಗ್ ರಾತ್ರಿ ಒಂದೂವರೆ ಹೊತ್ತಿಗೆ. ಡ್ಯೂಟಿ ಮುಗಿಸಿ ಸೈನ್ ಆಫ್ ಮಾಡಿ ಹೊರಗೆ ಬಂದರೆ ನಾಲ್ಕು ಜನರಿಗೆ ಒಂದೇ ಕ್ಯಾಬ್. ಒಬ್ಬೊಬ್ಬರ ಮನೆ ಒಂದೊಂದು ದಿಕ್ಕಿಗೆ. ಕೊನೆಯವಳು ಮನೆ ಸೇರುವ ಹೊತ್ತಿಗೆ ನಾಲ್ಕು ಗಂಟೆ. ಕಾಗದದಲ್ಲಿ ಮಾತ್ರ ಸೈನ್ ಆಫ್‌ನಿಂದಲೇ ಅವಳ ವಿಶ್ರಾಂತಿ ಶುರುವಾಗಿ ಆಗಲೇ ಎರಡು ಗಂಟೆ ಆಗಿರುತ್ತಿತ್ತು! ಆರು ತಿಂಗಳು ಇದನ್ನು ಬಾಯಲ್ಲಿ ಹೇಳಿದೆವು. ಮ್ಯಾನೇಜರ್ ಪ್ರತಿ ಸಲವೂ "ನೋಡೋಣ" ಅಂದರು.

ಆಮೇಲೆ 11 ಜನ ಸೇರಿ ಒಂದು ತಿಂಗಳು ಬರೆದೆವು. ಒಂದೇ ತರಹದ ಪುಟ, ಐದು ಗೆರೆ: ತಾರೀಖು ಮತ್ತು ಫ್ಲೈಟ್ ನಂಬರ್, ಸೈನ್ ಆಫ್ ಮಾಡಿದ ಹೊತ್ತು, ಕ್ಯಾಬ್ ಹೊರಟ ಹೊತ್ತು, ಮನೆ ಬಾಗಿಲು ತೆಗೆದ ಹೊತ್ತು, ಮುಂದಿನ ರಿಪೋರ್ಟಿಂಗ್ ಹೊತ್ತು, ಅಂದ್ರೆ ಡ್ಯೂಟಿಗೆ ಹಾಜರಾಗಬೇಕಾದ ಹೊತ್ತು. ಅಷ್ಟೇ. ಸಿಟ್ಟು, ಬೈಗುಳ, ಡ್ರೈವರ್ ಹೆಸರು ಏನೂ ಬೇಡ ಅಂತ ಮೊದಲೇ ಮಾತಾಗಿತ್ತು. ತಿಂಗಳ ಕೊನೆಗೆ ಎಣಿಸಿದರೆ 64 ರಾತ್ರಿ ಡ್ರಾಪ್, ಅದರಲ್ಲಿ 19 ಸಲ ಸೈನ್ ಆಫ್‌ನಿಂದ ಮನೆಗೆ ಎರಡು ಗಂಟೆಗಿಂತ ಜಾಸ್ತಿ. ಇನ್ನೂ ಒಂದು ಸಂಗತಿ ಗೊತ್ತಾಯಿತು. ಆ 19ರಲ್ಲಿ 16 ಬಂದಿದ್ದು ವಾರದ ಮೂರೇ ರಾತ್ರಿಗಳಲ್ಲಿ. ಎರಡು ಫ್ಲೈಟ್ ಒಟ್ಟಿಗೆ ಇಳಿಯುವ ರಾತ್ರಿಗಳು ಅವು. ಅಂದ್ರೆ ನಮಗೆ ಬೇಕಾಗಿದ್ದು ದಿನಾ ಹೊಸ ಕ್ಯಾಬ್ ಅಲ್ಲ, ವಾರಕ್ಕೆ ಮೂರು ರಾತ್ರಿ ಒಂದು ಹೆಚ್ಚಿನ ಕ್ಯಾಬ್. ಬರೆಯದಿದ್ದರೆ ಇದು ನಮಗೇ ಗೊತ್ತಾಗುತ್ತಿರಲಿಲ್ಲ.

ಎರಡನೆಯದು, ಯಾವ ಬಾಗಿಲು ತಟ್ಟಬೇಕು ಅಂತ ತಿಳಿದುಕೊಳ್ಳಿ. ಎಲ್ಲವನ್ನೂ ಯೂನಿಯನ್ ಮೇಜಿಗೆ ತರಬೇಡಿ.

ದಣಿವಿನಿಂದ ಕೆಲಸ ಮಾಡಲು ಆಗದ ಸ್ಥಿತಿ ಬಂದರೆ ಅದು ಸುರಕ್ಷತೆಯ ವಿಷಯ. ಅವತ್ತೇ ಸೇಫ್ಟಿ ರಿಪೋರ್ಟ್ ಹಾಕಿ, ಮೀಟಿಂಗ್‌ಗೆ ಕಾಯಬೇಡಿ. ನಾವು ಇರುವುದು ಊಟ ಕೊಡುವುದಕ್ಕೆ ಅಂತ ಜನ ತಿಳಿದಿದ್ದಾರೆ. ಪ್ರತಿ 50 ಸೀಟಿಗೆ ಒಬ್ಬ ಕ್ರೂ ಇರಲೇಬೇಕು ಅನ್ನುವ ನಿಯಮ ಇರುವುದು ಊಟಕ್ಕಲ್ಲ. ಅರ್ಧ ಬಾಗಿಲುಗಳು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ತುಂಬಿದ ವಿಮಾನ ಖಾಲಿಯಾಗಬೇಕು ಅನ್ನುವ ಲೆಕ್ಕದ ಮೇಲೆ ವಿಮಾನಕ್ಕೆ ಒಪ್ಪಿಗೆ ಸಿಗುತ್ತದೆ. ನಿದ್ದೆಗೆಟ್ಟವಳು ಆ 90 ಸೆಕೆಂಡಿನಲ್ಲಿ ಏನು ಮಾಡಿಯಾಳು? ಮ್ಯಾನೇಜ್‌ಮೆಂಟ್ ಜೊತೆ ಮಾತಾಡುವಾಗ ಈ ಮಾತಿಗೆ ತೂಕ ಜಾಸ್ತಿ. "ನಮಗೆ ಕಷ್ಟ ಆಗ್ತಿದೆ" ಅನ್ನುವುದಕ್ಕಿಂತ "ಬೆಳಗಿನ ಫ್ಲೈಟಿಗೆ ನಾಲ್ಕರಲ್ಲಿ ಇಬ್ಬರು ಮೂರು ಗಂಟೆ ಮಲಗಿ ಬಂದಿದ್ದರು" ಅಂದರೆ ಕೋಣೆಯಲ್ಲಿ ಎಲ್ಲರೂ ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

ಲೈಂಗಿಕ ಕಿರುಕುಳದ ದೂರಿಗೆ ಬೇರೆಯೇ ದಾರಿ ಇದೆ. 2013ರ ಕಾಯ್ದೆಯ ಪ್ರಕಾರ ಕಂಪನಿಯಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು. ಮೂರು ತಿಂಗಳೊಳಗೆ ದೂರು ಕೊಡಿ. ಯೂನಿಯನ್‌ನವರು ಜೊತೆಗೆ ನಿಲ್ಲಬೇಕು, ಆದರೆ ರಾಜಿ ಮಾಡಿಸಲು ಹೋಗಬಾರದು. ಇದನ್ನು ಒತ್ತಿ ಹೇಳುತ್ತೇನೆ.

ಒಬ್ಬರದೇ ವಿಷಯವಾಗಿದ್ದರೆ, ಸಂಬಳ ಕಡಿತ, ರಜೆ ನಿರಾಕರಣೆ, ವಾರ್ನಿಂಗ್ ಲೆಟರ್ ಇಂಥವು, ಕುಂದುಕೊರತೆ ಸಮಿತಿಗೆ ಹೋಗಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಈ ಸಮಿತಿ ಇರಬೇಕು ಅಂತಿದೆ. ಎರಡೂ ಕಡೆಯವರು ಸಮ ಸಮ ಇರಬೇಕು, ಹೆಂಗಸರಿಗೂ ಅವರ ಸಂಖ್ಯೆಗೆ ತಕ್ಕ ಜಾಗ ಇರಬೇಕು. ನಿಮ್ಮಲ್ಲಿ ಯೂನಿಯನ್ ಇಲ್ಲದಿದ್ದರೂ ಈ ಸಮಿತಿಯನ್ನು ಕೇಳಬಹುದು. ಯೂನಿಯನ್ ಕಟ್ಟಬೇಕಾದರೆ ನೋಂದಣಿಗೆ ಅರ್ಜಿ ಹಾಕಲು ಏಳು ಜನ ಸಾಕು. ಆದರೆ ಕಾರ್ಮಿಕರಲ್ಲಿ ನೂರಕ್ಕೆ ಹತ್ತು ಭಾಗ ಅಥವಾ ನೂರು ಜನ, ಯಾವುದು ಕಮ್ಮಿಯೋ ಅಷ್ಟು ಸದಸ್ಯರು ಬೇಕು.

ಎಲ್ಲರಿಗೂ ತಟ್ಟುವ ವಿಷಯವಾದರೆ, ರೋಸ್ಟರ್, ಕ್ಯಾಬ್, ಬೇರೆ ಊರಲ್ಲಿ ಉಳಿಯುವ ಲೇಓವರ್ ಹೋಟೆಲ್, ಯೂನಿಫಾರ್ಮ್, ಅದು ಯೂನಿಯನ್ ಮೇಜಿನ ವಿಷಯ.

ಮೂರನೆಯದು ನಾವು ತಪ್ಪು ಮಾಡಿ ಕಲಿತದ್ದು. ಆರು ತಿಂಗಳು ನಾವು ಬೇಡಿಕೊಂಡಿದ್ದು ಕ್ಯಾಬಿನ್ ಸರ್ವಿಸ್ ಮ್ಯಾನೇಜರ್ ಹತ್ತಿರ. ಕ್ಯಾಬ್ ಕಾಂಟ್ರ್ಯಾಕ್ಟ್ ಇದ್ದಿದ್ದು ಅಡ್ಮಿನ್ ವಿಭಾಗದ ಕೈಯಲ್ಲಿ. ಆ ಮ್ಯಾನೇಜರ್‌ಗೆ ಹೌದು ಅನ್ನುವ ಅಧಿಕಾರವೇ ಇರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಲು ಅವರಿಗೂ ಸಂಕೋಚ. ಹಾಗಾಗಿ ಮೀಟಿಂಗ್ ಕೇಳುವ ಪತ್ರದಲ್ಲೇ ಬರೆಯಿರಿ: ಈ ವಿಷಯದಲ್ಲಿ ಖರ್ಚಿಗೆ ಸಹಿ ಹಾಕುವವರು ಕೂಡ ಹಾಜರಿರಬೇಕು. ಪತ್ರ ಒಂದೇ ಪುಟ ಇರಲಿ, ವಿಷಯ ಒಂದೇ ಇರಲಿ. ಕ್ಯಾಬ್ ಜೊತೆ ಊಟ, ಹೀಲ್ಸ್, ಬ್ಯಾಗು ಎಲ್ಲ ಸೇರಿಸಿದರೆ ಅವರು ಸುಲಭದ್ದೊಂದನ್ನು ಮಾಡಿಕೊಟ್ಟು ಕಳಿಸುತ್ತಾರೆ.

ಮೀಟಿಂಗ್‌ಗೆ ಮೂರು ಜನ ಹೋಗಿ. ಒಬ್ಬರು ಮಾತಾಡಬೇಕು, ಒಬ್ಬರು ಬರೆದುಕೊಳ್ಳಬೇಕು, ಮೂರನೆಯವರು ಸುಮ್ನೆ ಕೇಳಬೇಕು. ಕೇಳುವವರ ಕೆಲಸ ದೊಡ್ಡದು. ಮಾತಾಡುವವರಿಗೆ ಸಿಟ್ಟು ಬಂದಾಗ ನೀರಿನ ಲೋಟ ಮುಂದೆ ಸರಿಸುವವರು ಅವರೇ. ನಮ್ಮ ಕ್ಯಾಬ್ ಮೀಟಿಂಗ್‌ನಲ್ಲಿ ಮಾತಾಡಿದ್ದು ನಾನು. ಪುಟಗಳನ್ನು ಮೇಜಿನ ಮೇಲಿಟ್ಟೆ. ಅಡ್ಮಿನ್‌ನವರು ಒಂದೊಂದೇ ತಿರುವಿ ನೋಡಿ ಒಂದು ಕಡೆ ಬೆರಳಿಟ್ಟರು. "ಇಲ್ಲಿ ಸೈನ್ ಆಫ್ ಆಗಿ 35 ನಿಮಿಷಕ್ಕೆ ಕ್ಯಾಬ್ ಹೊರಟಿದೆ. ಇದು ಕ್ಯಾಬ್ ತಪ್ಪಲ್ಲ, ನಿಮ್ಮವರು ತಡ ಮಾಡಿದ್ದು" ಅಂದರು. ನಿಜವೇ ಆಗಿತ್ತು. ನಮ್ಮಲ್ಲೇ ಕೆಲವರು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಉಳಿದವರು ಕಾಯುತ್ತಿದ್ದರು. ನನಗೆ ಮುಖ ಬಿಸಿಯಾಯಿತು. ಆದರೂ ಒಪ್ಪಿಕೊಂಡೆ. ಸೈನ್ ಆಫ್ ಆದ 15 ನಿಮಿಷಕ್ಕೆ ಎಲ್ಲರೂ ಕ್ಯಾಬ್ ಹತ್ತಿರ ಇರುತ್ತೇವೆ, ಬಾರದವರನ್ನು ಬಿಟ್ಟು ಹೊರಡಲಿ, ಅವರು ಮುಂದಿನ ಕ್ಯಾಬ್‌ನಲ್ಲಿ ಬರಲಿ ಅಂದೆ. ಆ ಮಾತಿನ ಮೇಲೆ ಕೋಣೆಯ ಗಾಳಿಯೇ ಬದಲಾಯಿತು. ಅವರೇ ಕೇಳಿದರು, "ಸರಿ, ಆ ಮೂರು ರಾತ್ರಿ ಯಾವ್ಯಾವು?"

ಕೇಳುವಾಗ ಕೈಯಲ್ಲಿ ಮೂರು ಮೆಟ್ಟಿಲು ಇರಲಿ. ಪೂರಾ ಬೇಕಾದದ್ದು ಒಂದು, ಒಪ್ಪಬಹುದಾದದ್ದು ಒಂದು, ಎರಡು ತಿಂಗಳು ಪ್ರಯೋಗ ಮಾಡಿ ನೋಡುವಂಥದ್ದು ಒಂದು. ನಮಗೆ ಸಿಕ್ಕಿದ್ದು ಮೂರನೆಯದು.

ಈಗ ಮಿನಿಟ್ಸ್, ಅಂದ್ರೆ ಮೀಟಿಂಗ್‌ನಲ್ಲಿ ಆದ ಮಾತಿನ ಬರಹ. ಎದ್ದು ಹೋಗುವ ಮೊದಲೇ ಕೋಣೆಯಲ್ಲೇ ಬರೆದು ಎರಡೂ ಕಡೆಯವರು ಸಹಿ ಹಾಕಬೇಕು. ಯಾರು, ಏನು, ಯಾವ ತಾರೀಖಿನೊಳಗೆ. "ಪರಿಶೀಲಿಸಲಾಗುವುದು" ಅಂತ ಬರೆದರೆ ಒಪ್ಪಬೇಡಿ. ಯಾರು ಪರಿಶೀಲಿಸುತ್ತಾರೆ, ಯಾವತ್ತು ಉತ್ತರ ಹೇಳುತ್ತಾರೆ ಅಂತ ನಗುನಗುತ್ತಾ ಕೇಳಿ, ಬರೆಸಿಕೊಳ್ಳಿ. ನಮ್ಮ ಹೆಚ್ಚಿನ ಕ್ಯಾಬ್ ಮೂರನೇ ತಿಂಗಳು ತಾನಾಗೇ ನಿಂತುಹೋಯಿತು. ಅಷ್ಟರಲ್ಲಿ ಅಡ್ಮಿನ್‌ನವರು ಬದಲಾಗಿದ್ದರು. ಹೊಸಬರಿಗೆ ಹಳೆಯ ಮಾತು ಗೊತ್ತಿಲ್ಲ. ಸಹಿ ಇದ್ದ ಮಿನಿಟ್ಸ್ ಮತ್ತು ಪ್ರಯೋಗದ ಎರಡು ತಿಂಗಳ ನಮ್ಮ ಲೆಕ್ಕ ತೋರಿಸಿದೆವು. ಮುಂದಿನ ವಾರಕ್ಕೆ ಕ್ಯಾಬ್ ಮತ್ತೆ ಬಂತು.

ಆಗಿದ್ದನ್ನು ಎಲ್ಲ ಸದಸ್ಯರಿಗೂ ತಿಳಿಸಿ, ಸಿಗದೆ ಹೋದದ್ದನ್ನೂ ತಿಳಿಸಿ. ಮುಚ್ಚಿಟ್ಟರೆ ಮ್ಯಾನೇಜ್‌ಮೆಂಟ್ ಜೊತೆ ಒಳಗೊಳಗೇ ಕೈ ಜೋಡಿಸಿದರು ಅನ್ನುವ ಮಾತು ಹುಟ್ಟುತ್ತದೆ.

ಮಾತು ಮುರಿದರೆ? ನಮ್ಮ ಕೆಲಸದ ವಿವಾದಗಳು ಕೇಂದ್ರದ ಕಾರ್ಮಿಕ ಆಯುಕ್ತರ ಕಡೆ ಹೋಗುತ್ತವೆ, ರಾಜ್ಯದ ಕಾರ್ಮಿಕ ಇಲಾಖೆಗೆ ಅಲ್ಲ. ಇಲ್ಲಿನ ಕಚೇರಿಗೆ ಅಲೆದು ದಿನ ಕಳೆಯಬೇಡಿ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕ್ರೂ ಒಟ್ಟಿಗೆ ಸಿಕ್ ಲೀವ್ ಹಾಕಿದರು, ಫ್ಲೈಟ್‌ಗಳು ನಿಂತವು, ಸುಮಾರು 25 ಜನರಿಗೆ ಕೆಲಸದಿಂದ ತೆಗೆದ ಪತ್ರ ಬಂತು. ಕೊನೆಗೆ ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಎರಡೂ ಕಡೆಯವರು ಕೂತರು. ಆ ಪತ್ರಗಳನ್ನು ವಾಪಸ್ ತೆಗೆದುಕೊಳ್ಳಲು ಕಂಪನಿ ಒಪ್ಪಿತು, ಕ್ರೂ ಕೆಲಸಕ್ಕೆ ಮರಳಿದರು. ಈಗಿನ ಸಂಹಿತೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು, ಸಂಧಾನ ನಡೆಯುವಾಗ ಮಾಡುವಂತಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ "ನಾಳೆ ಯಾರೂ ಬರಬೇಡಿ" ಅಂತ ಹಾಕುವ ಮೊದಲು ಇದು ನೆನಪಿರಲಿ. ಹೊಸಬರ ಕೆಲಸ ಹೋದರೆ ಅವರ ಮನೆಯ ಒಲೆಯೇ ಆರುತ್ತದೆ.

ಹಾಗಂತ ಹೆದರಿ ಕೂರಬೇಡಿ. ಒಂದು ಕಾಲಕ್ಕೆ ಏರ್ ಇಂಡಿಯಾದಲ್ಲಿ ಗಗನಸಖಿಯರಿಗೆ 35ಕ್ಕೆ ನಿವೃತ್ತಿ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಇಲ್ಲ, ಮೊದಲ ಬಸುರಿಗೆ ಕೆಲಸ ಹೋಯಿತು ಅನ್ನುವ ನಿಯಮ ಇತ್ತು. ಗಗನಸಖಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಬಸುರಿಯಾದವರನ್ನು ತೆಗೆಯುವ ನಿಯಮವನ್ನು ರದ್ದು ಮಾಡಿತು. ಮದುವೆಯ ನಿಯಮವನ್ನು ಮಾತ್ರ ಉಳಿಸಿತು. ಎಲ್ಲವೂ ಒಂದೇ ಸಲಕ್ಕೆ ಸಿಗಲಿಲ್ಲ. ಇವತ್ತು ಮಕ್ಕಳಾದ ಮೇಲೂ ಹಾರುವವರು ಆ ಹೆಂಗಸರು ತೆರೆದ ಬಾಗಿಲಿನಿಂದಲೇ ಒಳಗೆ ಬಂದವರು. ನನಗೆ ಇಬ್ಬರು ಮಕ್ಕಳು.

ಆ ಹುಡುಗಿ ಹೊರಡುವ ದಿನ ಸೂಪರ್ ಮಾರ್ಕೆಟ್‌ಗೆ ಹೋಗಿ ಜೇಬಿಗೆ ಹಿಡಿಸುವ ನೋಟ್‌ಬುಕ್ ತಂದುಕೊಟ್ಟೆ. ಗೆರೆ ಎಳೆದುಕೊಟ್ಟೆ: ರೋಸ್ಟರ್ ಬದಲಾದ ತಾರೀಖು, ಮೆಸೇಜ್ ಬಂದ ಹೊತ್ತು, ಹೊಸ ರಿಪೋರ್ಟಿಂಗ್ ಹೊತ್ತು, ನಡುವೆ ಎಷ್ಟು ಗಂಟೆ. ಮೊನ್ನೆ ಪುಟದ ಫೋಟೋ ಕಳಿಸಿದ್ದಾಳೆ. ಹತ್ತು ದಿನದಲ್ಲಿ ನಾಲ್ಕು ಸಲ ಬದಲಾಗಿದೆ, ನಾಲ್ಕೂ ರಾತ್ರಿ ಹತ್ತರ ಮೇಲೆ. ಯಾಕೆ ಬದಲಾಯಿತು ಅಂತ ಇನ್ನೊಂದು ಗೆರೆ ಸೇರಿಸು, ನಿನ್ನ ಬೇಸ್‌ನಲ್ಲಿ, ಅಂದ್ರೆ ಡ್ಯೂಟಿ ಶುರುವಾಗುವ ಊರಿನಲ್ಲಿ, ಇರುವ ಇನ್ನೂ ಐದಾರು ಜನರ ಕೈಲಿ ಬರೆಸು ಅಂತ ಉತ್ತರ ಹಾಕಿದ್ದೇನೆ. ಇಬ್ಬರು ಆಗಲೇ ಒಪ್ಪಿದ್ದಾರಂತೆ.