ಮರಳಿನ ಚೀಲ ಮತ್ತು ಪ್ರಮಾಣಪತ್ರ

ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನ ಹೆಗಲಿಗೆ ಬಿದ್ದ ಮೇಲೆ ಮೊದಲ ಮೂರು ವರ್ಷ ನಾನು ಮಾಡಿದ್ದು ಬರೀ ಗುಮಾಸ್ತಿಕೆ. ಹಾಜರಿ ಪುಸ್ತಕದಲ್ಲಿ ಗಂಟೆ ಕೂಡಿಸುವುದು, ವರ್ಷಕ್ಕೆ 120ರಂತೆ ಎರಡು ವರ್ಷಕ್ಕೆ 240 ಆಯಿತೇ ಎಂದು ನೋಡುವುದು, ಏಳು ದಿನದ ವಿಶೇಷ ಶಿಬಿರಕ್ಕೆ ಬಂದಿದ್ದರೆ ಗುರುತು ಹಾಕುವುದು, ಹೆಸರನ್ನಷ್ಟೇ ಬದಲಿಸಿ ಪ್ರಮಾಣಪತ್ರ ಅಚ್ಚು ಹಾಕಿಸುವುದು. 1969ರಲ್ಲಿ ಗಾಂಧಿ ಶತಮಾನೋತ್ಸವದ ಹೊತ್ತಿಗೆ ಈ ಯೋಜನೆ ಶುರುವಾದಾಗ ಯಾರ ಮನಸ್ಸಿನಲ್ಲಿ ಏನಿತ್ತೋ, ನನ್ನ ಕೈಯಲ್ಲಿ ಅದು ಗಂಟೆ ಎಣಿಸುವ ಕೆಲಸವಾಗಿತ್ತು.

ಬಿ.ಕಾಂ. ಮುಗಿಸಿದ ಒಬ್ಬ ಹುಡುಗ ಶಿವಮೊಗ್ಗದಲ್ಲಿ ಕೆಲಸದ ಸಂದರ್ಶನ ಮುಗಿಸಿ ಸಪ್ಪೆ ಮುಖ ಹೊತ್ತು ಬಂದ. “ಶಿಬಿರದಲ್ಲಿ ಏನು ಮಾಡಿದಿರಿ ಎಂದು ಕೇಳಿದರು ಸರ್. ಸ್ವಚ್ಛತೆ ಮಾಡಿದೆವು ಎಂದೆ. ಸರಿ ಎಂದು ಮುಂದಿನ ಪ್ರಶ್ನೆಗೆ ಹೋದರು.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಳು ದಿನ ಐವತ್ತು ಜನರ ಅಡುಗೆಯ ಉಗ್ರಾಣ ನೋಡಿಕೊಂಡವನು ಅವನು. ಮೊದಲ ದಿನ ಅನ್ನ ಅರ್ಧ ಪಾತ್ರೆ ಉಳಿದು ಊರಿನ ದನಗಳ ಪಾಲಾಯಿತು. ಸಮೀಕ್ಷೆಗೆ ಮನೆ ಮನೆ ತಿರುಗುವ ತಂಡಕ್ಕೆ ಪ್ರತಿ ಜಗಲಿಯಲ್ಲೂ ಕಾಫಿ, ಅವಲಕ್ಕಿ, ಬಾಳೆಹಣ್ಣು ಸಿಗುತ್ತದೆ, ಅವರು ಮಧ್ಯಾಹ್ನ ಉಣ್ಣುವುದು ಅಷ್ಟಕ್ಕಷ್ಟೇ ಎಂಬುದನ್ನು ಎರಡನೆಯ ದಿನ ಕಂಡುಕೊಂಡ. ಮೂರನೆಯ ದಿನದಿಂದ ಯಾವ ತಂಡ ಸಮೀಕ್ಷೆಗೆ, ಯಾವುದು ಹಾರೆ ಹಿಡಿಯಲು ಎಂದು ಬೆಳಿಗ್ಗೆಯೇ ವಿಚಾರಿಸಿ ಅಕ್ಕಿ ಅಳೆದು ಕೊಡುತ್ತಿದ್ದ. ಲೆಕ್ಕಪತ್ರ ಓದಿದವನಿಗೆ ಹೇಳಿಕೊಳ್ಳಲು ಇದಕ್ಕಿಂತ ಏನು ಬೇಕು? ಆದರೆ ಅದು ಕಲಿಕೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮುಂದಿನ ಶಿಬಿರಕ್ಕೆ ಐವತ್ತು ನೋಟ್‌ಬುಕ್ ಹೊತ್ತು ಹೋದೆ. ಕೊನೆಯ ದಿನ “ಶಿಬಿರದಿಂದ ಏನು ಕಲಿತಿರಿ?” ಎಂದು ಬರೆಯಲು ಹೇಳಿದೆ. “ನಾಯಕತ್ವ ಗುಣ ಬೆಳೆಯಿತು, ಆತ್ಮವಿಶ್ವಾಸ ಹೆಚ್ಚಿತು.” ಹೆಚ್ಚುಕಡಿಮೆ ಎಲ್ಲ ಪುಸ್ತಕದಲ್ಲೂ ಇದೇ, ಕೆಲವರದು ಪಕ್ಕದವರ ಕಾಗುಣಿತದ ತಪ್ಪಿನ ಸಮೇತ. ಮಕ್ಕಳನ್ನು ದೂರಿ ಫಲವಿಲ್ಲ, ಪರೀಕ್ಷೆಯ ಪ್ರಶ್ನೆ ಕೇಳಿದರೆ ಪರೀಕ್ಷೆಯ ಉತ್ತರವೇ ಬರುತ್ತದೆ. ಮರುವರ್ಷ ಆ ಎರಡು ಪದಗಳನ್ನು ನಿಷೇಧಿಸಿ ಪ್ರಶ್ನೆ ಬದಲಿಸಿದೆ. ಒಂದು ಕೆಲಸವನ್ನು ಮೊದಲ ದಿನ ಹೇಗೆ ಮಾಡಿದಿರಿ, ಆಮೇಲೆ ಹೇಗೆ ಮಾಡಿದಿರಿ? ಬದಲಿಸಿದ್ದು ಏಕೆ? ಅದನ್ನು ಕಂಡವರು ಯಾರು? ಬರೆಯುವುದು ಕೊನೆಯ ದಿನವಲ್ಲ, ದಿನಾ ರಾತ್ರಿ ಊಟಕ್ಕೆ ಮುಂಚೆ. ಊಟದ ನಂತರ ಎಂದರೆ ಅರ್ಧ ಜನ ನಿದ್ದೆ ಹೋಗಿರುತ್ತಾರೆ.

ಆ ಸಲ ಶಿಬಿರ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಡಿಸೆಂಬರಿನಲ್ಲಿ. ಹಳ್ಳಕ್ಕೆ ಮರಳಿನ ಚೀಲದ ಕಟ್ಟ ಹಾಕುವ ಕೆಲಸ. ನಮ್ಮ ಹುಡುಗರು ಖಾಲಿ ಸಿಮೆಂಟ್ ಚೀಲಗಳಿಗೆ ಬಾಯಿ ತನಕ ಮರಳು ಒತ್ತಿ ತುಂಬಿ, ಬಿಗಿದು ಕಟ್ಟಿ, ಒಂದರ ಮೇಲೊಂದು ನೇರವಾಗಿ ಪೇರಿಸಿದರು. ನೋಡಲು ಚೆಂದವಿತ್ತು, ನೀರು ಮಾತ್ರ ಸಂದುಗಳಲ್ಲಿ ಆರಾಮವಾಗಿ ಹರಿದು ಹೋಯಿತು. ತೋಟದ ಯಜಮಾನರು ಅಡಕೆ ಜಗಿಯುತ್ತ ಅರ್ಧ ದಿನ ಸುಮ್ಮನೆ ನೋಡಿ, ಕೊನೆಗೆ ಒಂದು ಚೀಲದಿಂದ ಕಾಲು ಭಾಗ ಮರಳು ಚೆಲ್ಲಿ ಹಳ್ಳಕ್ಕೆ ಹಾಕಿ ತುಳಿದರು. ಚೀಲ ಚಪ್ಪಟೆಯಾಗಿ ಅಕ್ಕಪಕ್ಕದ ಚೀಲಗಳಿಗೆ ಅಂಟಿ ಕುಳಿತಿತು. ಮೇಲಿನ ಸಾಲು ಕೆಳಗಿನ ಸಂದಿನ ಮೇಲೆ ಬರಬೇಕು, ಇಟ್ಟಿಗೆ ಗೋಡೆಯ ಹಾಗೆ. ಮಾತು ಹೆಚ್ಚಿಲ್ಲ. ಒಬ್ಬ ವಿದ್ಯಾರ್ಥಿನಿ ಅಂದು ರಾತ್ರಿ ಬರೆದಳು: “ಚೀಲ ಮುಕ್ಕಾಲೇ ತುಂಬಬೇಕು. ತುಂಬಿದ ಚೀಲ ಪಕ್ಕದ ಚೀಲಕ್ಕೆ ಜಾಗ ಕೊಡುವುದಿಲ್ಲ. ಕಂಡವರು: ತೋಟದ ಅಜ್ಜ.” ನನಗೆ ಬೇಕಾಗಿದ್ದ ಬರಹ ಇದು.

ಅವಳೇ ಮಂಗನ ಕಾಯಿಲೆಯ ಜಾಗೃತಿಗೂ ಹೋಗಿದ್ದಳು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಕಾಡಿನ ಉಣುಗು ಅಂದರೆ ಉಣ್ಣೆ ಕಚ್ಚಿ ಹರಡುವ ಕಾಯಿಲೆ, ಇಂದಿಗೂ ಬೇಸಿಗೆ ಹತ್ತಿರವಾದಂತೆ ನಮ್ಮ ಕಡೆ ಆತಂಕ. ಕರಪತ್ರದಲ್ಲಿದ್ದಂತೆ “ಕಾಡಿಗೆ ಹೋಗಬೇಡಿ” ಎಂದು ಓದಿದ್ದಕ್ಕೆ ಒಬ್ಬ ಅಜ್ಜಿ, “ಕೊಟ್ಟಿಗೆಗೆ ದರಗು ನಿಮ್ಮ ಕಾಲೇಜಿನವರು ತಂದು ಹಾಕುತ್ತಾರೇನು ಮಗಾ?” ಎಂದು ಕೇಳಿದರಂತೆ. ದರಗು ಎಂದರೆ ಕೊಟ್ಟಿಗೆಗೆ ಹಾಸುವ ಒಣಗಿದ ಎಲೆ. ಮರುದಿನ ಅವಳು ಕರಪತ್ರ ಮಡಚಿಟ್ಟು, ದರಗಿಗೆ ಯಾವ ಹೊತ್ತಿಗೆ ಹೋಗುತ್ತೀರಿ ಎಂದು ಕೇಳುವುದರಿಂದ ಮಾತು ಶುರು ಮಾಡಿದಳು. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೇಪಾ ಎಣ್ಣೆಯ ಬಾಟಲಿಯನ್ನು ಕಪಾಟಿನಲ್ಲಿಡದೆ ಕತ್ತಿ ಸಿಕ್ಕಿಸುವ ಜಾಗದ ಪಕ್ಕ ಇಡಿ, ಹೊರಡುವಾಗ ಕಣ್ಣಿಗೆ ಬೀಳುತ್ತದೆ ಎಂದಳು. ಇದು ಯಾವ ಕರಪತ್ರದಲ್ಲೂ ಇರಲಿಲ್ಲ.

ಈಗ ಕ್ರೆಡಿಟ್ ಮಾತು ಎಲ್ಲ ಕಡೆ, ಅಂದರೆ ಕಲಿಕೆಯನ್ನು ಅಳೆದು ವಿದ್ಯಾರ್ಥಿಯ ಲೆಕ್ಕಕ್ಕೆ ಜಮೆ ಮಾಡುವುದು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ಬರೀ ಭಾಗಾಕಾರ ಮಾಡಿದರೆ ನಮ್ಮ 240 ಗಂಟೆಗೆ ಎಂಟು. ಆದರೆ ಮೌಲ್ಯಮಾಪನ ಆದರೆ ಮಾತ್ರ ಕ್ರೆಡಿಟ್ ಎಂದೂ ಅದೇ ಚೌಕಟ್ಟು ಹೇಳುತ್ತದೆ. ಹೊಂಡ ತೋಡಿದವನಿಗೂ ಹೊಂಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡವನಿಗೂ ಗಂಟೆ ಒಂದೇ. ಹಾಗಾಗಿ ಶಿಬಿರ ಮುಗಿದ ಮೇಲೆ ಒಬ್ಬೊಬ್ಬರನ್ನೂ ಹತ್ತು ನಿಮಿಷ ಕೂರಿಸಿಕೊಂಡು ನೋಟ್‌ಬುಕ್ ಓದಿಸುತ್ತೇನೆ, ಕಂಡವರಿಗೆ ಫೋನ್ ಮಾಡಿ ವಿಚಾರಿಸುತ್ತೇನೆ, ಆಮೇಲೆ ಪ್ರಮಾಣಪತ್ರದ ಜೊತೆಗೆ ಅರ್ಧ ಪುಟದ ಪತ್ರ ಬರೆದು ಕೊಡುತ್ತೇನೆ. ಮೂರ್ನಾಲ್ಕು ಭಾನುವಾರ ಇದಕ್ಕೇ ಹೋಗುತ್ತದೆ, ಮನೆಯಲ್ಲಿ ಗೊಣಗಾಟ ಇದ್ದದ್ದೇ. ಬರೆಯಲು ಏನೂ ಸಿಗದವರಿಗೆ ಪತ್ರ ಇಲ್ಲ, ಗಂಟೆಯ ಕಾಗದವಷ್ಟೇ. ಕಟುವಾಯಿತು ಎಂದವರಿದ್ದಾರೆ. ಇರಲಿ.

ನನ್ನನ್ನು ಕಷ್ಟಕ್ಕೆ ಹಾಕಿದವನು ಸಾಗರದ ಕಡೆಯ ಒಬ್ಬ ಹುಡುಗ. ಅವನ ಪುಸ್ತಕ ಖಾಲಿ. “ನಾನು ಏನೂ ಕಲಿಯಲಿಲ್ಲ ಸರ್, ಇದೆಲ್ಲ ಮನೆಯಲ್ಲಿ ಮಾಡುವುದೇ.” ಸುಳ್ಳಲ್ಲ. ಅಪ್ಪನ ಜೊತೆ ಪ್ರತಿ ವರ್ಷ ಕಟ್ಟ ಹಾಕುವವನು. ನನ್ನ ಮೂರು ಪ್ರಶ್ನೆಗಳಲ್ಲಿ ಒಂದೂ ಅವನಿಗೆ ಹೊಂದಲಿಲ್ಲ. ಬೇರೆಯವರ ಪುಸ್ತಕ ತಿರುಗಿಸಿದಾಗ “ಕಂಡವರು” ಎಂಬ ಸಾಲಿನಲ್ಲಿ ಅವನ ಹೆಸರು ಮತ್ತೆ ಮತ್ತೆ ಇತ್ತು. ಪೇಟೆಯ ಹುಡುಗರ ಅಂಗೈ ಬೊಬ್ಬೆ ಎದ್ದಾಗ ಹಾರೆಯನ್ನು ಬಿಗಿಯಾಗಿ ಹಿಡಿಯಬಾರದು, ಬೀಳುವ ಭಾರ ಅದರದೇ ಇರಲಿ ಎಂದು ತೋರಿಸಿದ್ದು ಅವನು. ಅಂದಿನಿಂದ “ಯಾರಿಗೆ ಏನು ತೋರಿಸಿಕೊಟ್ಟಿರಿ?” ಎಂಬ ನಾಲ್ಕನೆಯ ಪ್ರಶ್ನೆ ಸೇರಿತು.

ಅವನಿಗೂ ಪತ್ರ ಬರೆದೆ: “ಆರು ಮಂದಿಗೆ ಹಾರೆ ಹಿಡಿಯುವುದನ್ನು ಕಲಿಸಿದ್ದಾನೆ. ಕಲಿಸುವಾಗ ಯಾರನ್ನೂ ನೋಡಿ ನಕ್ಕಿಲ್ಲ.” ನಿಂತೇ ಓದಿದ. ಮತ್ತೊಮ್ಮೆ ಓದಿದ.

“ಆರು ಅಲ್ಲ ಸರ್, ಐದು. ಒಬ್ಬನಿಗೆ ಮೊದಲೇ ಬರುತ್ತಿತ್ತು.”

ತಿದ್ದಿ, ಸಹಿ ಮಾಡಿ ಕೊಟ್ಟೆ.